‘ಶೇರ್ಡ್’ ಎಂದರೆ ಯಾರ ಜೊತೆ?

ಗಿಟ್‌ನ ಕೈಪಿಡಿಯಲ್ಲಿ ‘ಇನಿಟ್’ ಎಂಬ ಆಜ್ಞೆಗೆ ಒಂದು ಪುಟವಿದೆ. ಹೊಸ ರೆಪಾಸಿಟರಿ ಶುರುಮಾಡಲು ಕೊಡುವ ಆಜ್ಞೆ ಅದು. ಆ ಪುಟದಲ್ಲಿ ‘ಬೇರ್’ ಎಂಬ ಆಯ್ಕೆಗೆ ಕೊಟ್ಟಿರುವ ವಿವರಣೆ ಎರಡೇ ವಾಕ್ಯ. ಈ ಆಯ್ಕೆ ಕೊಟ್ಟರೆ ಬೇರ್ ರೆಪಾಸಿಟರಿ ತಯಾರಾಗುತ್ತದೆ ಎನ್ನುತ್ತದೆ ಮೊದಲನೆಯದು. ಗಿಟ್ ಡೈರೆಕ್ಟರಿ ಯಾವುದೆಂದು ಮೊದಲೇ ಹೇಳಿರದಿದ್ದರೆ ಈಗ ನೀವು ನಿಂತಿರುವ ಫೋಲ್ಡರನ್ನೇ ಹಾಗೆಂದು ಹಿಡಿಯಲಾಗುತ್ತದೆ ಎನ್ನುತ್ತದೆ ಎರಡನೆಯದು. ಬೇರ್ ಎಂದರೇನು ಎಂದು ಕೇಳಿಕೊಂಡು ಬಂದವನಿಗೆ ಬೇರ್ ಎಂದರೆ ಬೇರ್ ಎಂಬ ಉತ್ತರ ಸಿಕ್ಕಿತು.

ಇಲ್ಲಿ ನಾವು ಸಾಮಾನ್ಯವಾಗಿ ಕಥೆ, ಕಾದಂಬರಿ, ಕವನಸಂಕಲನಗಳ ಬಗ್ಗೆ ಬರೆಯುತ್ತೇವೆ. ಈ ಸಲ ಒಂದು ಕೈಪಿಡಿಯ ಬಗ್ಗೆ ಬರೆಯುತ್ತಿದ್ದೇನೆ. ಓದುಗರಲ್ಲಿ ಅರ್ಧಕ್ಕರ್ಧ ಜನ ಹಗಲು ಹೊತ್ತಿನಲ್ಲಿ ಇದೇ ಭಾಷೆಯನ್ನು ಓದಿ ಸಂಬಳ ಪಡೆಯುವವರು, ಇನ್ನರ್ಧ ಅದನ್ನು ಕಲಿತು ಸಂಬಳಕ್ಕೆ ಕಾಯುತ್ತಿರುವವರು. ದಿನಕ್ಕೆ ಎಂಟು ಗಂಟೆ ಓದುವ ಗದ್ಯವನ್ನು ಗದ್ಯವೆಂದು ನಾವು ಯಾವತ್ತೂ ವಿಮರ್ಶಿಸಿಲ್ಲ. ಅರ್ಥವಾಗದಿದ್ದರೆ ತಪ್ಪು ನಮ್ಮದೇ ಎಂದುಕೊಂಡು ಮುಂದೆ ಹೋಗುತ್ತೇವೆ. ಒಂದು ಕಾದಂಬರಿಗೆ ಆ ರಿಯಾಯಿತಿಯನ್ನು ನಾವು ಕೊಡುವುದಿಲ್ಲ.

ಇದನ್ನು ಬರೆಯಲು ಕಾರಣ ಒಂದು ಹಸ್ತಪ್ರತಿ. ಚೆನ್ನೈಯಲ್ಲಿರುವ ನಾವು ನಾಲ್ವರು, ಪೆರುಂಗುಡಿಯಲ್ಲಿ ಇಬ್ಬರು, ತರಮಣಿಯ ಹಾಸ್ಟೆಲಿನಲ್ಲಿ ಒಬ್ಬ ಹುಡುಗ, ಮೈಲಾಪುರದಲ್ಲಿ ಒಬ್ಬಳು ಗೆಳತಿ, ಸೇರಿ ಹಿರಿಯರೊಬ್ಬರ ನೆನಪಿನ ಪುಸ್ತಕಗಳನ್ನು ಟೈಪು ಮಾಡಲು ಹೊರಟಿದ್ದೆವು. ಉದ್ದನೆಯ ಏಳು ನೋಟುಪುಸ್ತಕ, ನೀಲಿ ಶಾಯಿ. ಅವರ ಊರು ತಾಳವಾಡಿಯ ಕಡೆ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಗೆರೆಯ ಆ ಬದಿಯಲ್ಲಿ ಉಳಿದ ಹುಡುಗ ಓದಿ, ರೈಲ್ವೆ ಕೆಲಸ ಹಿಡಿದು, ಈ ಊರಿಗೆ ಬಂದು ಐವತ್ತು ವರ್ಷ ಇದ್ದು ಬರೆದದ್ದು. ನಾವು ಅವರನ್ನು ಯಜಮಾನರು ಎನ್ನುತ್ತಿದ್ದೆವು. ಬರವಣಿಗೆಯಲ್ಲಿ ನೆಂಟರಿಷ್ಟರ ಹೆಸರು, ಜಮೀನಿನ ಜಗಳ ಎಲ್ಲ ಇದ್ದುದರಿಂದ ಅದು ಯಾವ ಕಂಪನಿಯ ಕಂಪ್ಯೂಟರಿಗೂ ಹೋಗಬಾರದು ಎಂಬುದು ಅವರ ಮಗಳ ಷರತ್ತು. ಹಾಗಾಗಿ ಗಿಟ್‌ಹಬ್ ಬಿಟ್ಟು, ಪೆರುಂಗುಡಿಯ ಗೆಳೆಯನ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಮೇಲೆ ನಮ್ಮದೇ ಒಂದು ಹಂಚಿಕೆಯ ರೆಪಾಸಿಟರಿ ಇಡುವುದು ಎಂದಾಯಿತು. ಒಂದು ಭಾನುವಾರ ಸಂಜೆಯ ಕೆಲಸ ಎಂದುಕೊಂಡಿದ್ದೆವು.

ಮತ್ತೆ ಆ ಪುಟಕ್ಕೆ ಬರೋಣ. ‘ಬೇರ್’ ಎಂಬ ಇಂಗ್ಲಿಷ್ ಪದವೂ ನಮ್ಮ ‘ಬರಿ’ಯೂ ಸದ್ದಿನಲ್ಲಿ, ಅರ್ಥದಲ್ಲಿ ಅಕ್ಕಪಕ್ಕದ ಮನೆಯವು. ಆದರೆ ಕನ್ನಡದಲ್ಲಿ ಬರಿ ಒಂಟಿಯಾಗಿ ಬರುವುದು ಕಡಿಮೆ. ಬರಿಗಾಲು ಎಂದರೆ ಚಪ್ಪಲಿಯಿಲ್ಲ, ಬರಿಗೈ ಎಂದರೆ ತಂದ ಸಾಮಾನಿಲ್ಲ. ಇಲ್ಲದ್ದು ಯಾವುದು ಎಂದು ಕೇಳುವವರಿಗೂ ಹೇಳುವವರಿಗೂ ಗೊತ್ತಿರುತ್ತದೆ. ಬೇರ್ ರೆಪಾಸಿಟರಿಯಲ್ಲಿ ಇಲ್ಲದ್ದು, ನೀವು ತೆರೆದು ತಿದ್ದಬಹುದಾದ ಫೈಲುಗಳ ಹರಹು. ಅಲ್ಲಿ ಇತಿಹಾಸವಿದೆ, ಹಸ್ತಪ್ರತಿಯ ಪುಟ ಕಣ್ಣಿಗೆ ಕಾಣುವುದಿಲ್ಲ. ಯಾರೂ ಕೂತು ಕೆಲಸ ಮಾಡದ, ಎಲ್ಲರೂ ತಂದಿಟ್ಟು ಒಯ್ಯುವ ಜಾಗ ಅದು. ಹಂಚಿಕೊಳ್ಳುವ ರೆಪಾಸಿಟರಿ ಬೇರ್ ಆಗಿರಬೇಕಾದದ್ದು ಇದೇ ಕಾರಣಕ್ಕೆ. ಇಷ್ಟು ಬರೆಯಲು ನನಗೆ ನಾಲ್ಕು ವಾಕ್ಯ ಸಾಕಾಯಿತು. ಕೈಪಿಡಿಯ ಪದಕೋಶದ ಪುಟದಲ್ಲಿ ಬೇರ್‌ನ ಅರ್ಥ ಇದೆ, ಇಲ್ಲವೆಂದಲ್ಲ. ಆದರೆ ಅದು ಬೇರೆ ಪುಟ. ಕೇಳಿದ ಜಾಗದಲ್ಲಿ ಸಿಗದ ಉತ್ತರ ಅದು.

ಮುಂದಿನದು ‘ಶೇರ್ಡ್’. ಈ ರೆಪಾಸಿಟರಿಯನ್ನು ಹಲವರು ಹಂಚಿಕೊಳ್ಳಲಿದ್ದಾರೆ ಎಂದು ಗಿಟ್‌ಗೆ ತಿಳಿಸುವ ಆಯ್ಕೆ. ಇದಕ್ಕೆ ವಿವರಣೆ ದೀರ್ಘವಾಗಿಯೇ ಇದೆ. ‘ಉಮಾಸ್ಕ್’ ಎಂದರೂ ಅದೇ, ‘ಫಾಲ್ಸ್’ ಎಂದರೂ ಅದೇ. ‘ಗ್ರೂಪ್’ ಎಂದರೂ ಅದೇ, ‘ಟ್ರೂ’ ಎಂದರೂ ಅದೇ. ‘ಆಲ್’, ‘ವರ್ಲ್ಡ್’, ‘ಎವೆರಿಬಡಿ’ ಮೂರೂ ಒಂದೇ. ಕೊನೆಗೆ ನಿಮಗೆ ಬೇಕಾದ ಅಂಕಿಗಳನ್ನೇ ಕೊಡಬಹುದು. ಓದುತ್ತ ಹೋದರೆ ಅಮರಕೋಶ ಓದಿದ ಹಾಗಾಗುತ್ತದೆ. ಎಲ್ಲವೂ ಪರ್ಯಾಯಪದಗಳು, ಎಲ್ಲವೂ ಕರಾರುವಾಕ್ಕು. ಈ ಪುಟದಲ್ಲಿ ಒಂದೂ ಸುಳ್ಳು ವಾಕ್ಯವಿಲ್ಲ ಎಂಬುದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ತಕರಾರು ಬೇರೆ. ಈ ಪುಟ, ಆಜ್ಞೆ ಕೊಟ್ಟಾಗ ಯಂತ್ರದೊಳಗೆ ಏನಾಗುತ್ತದೆ ಎಂದು ಹೇಳುತ್ತದೆ. ಹಂಚಿಕೊಳ್ಳುವವರು ಯಾರು, ಅವರನ್ನು ಎಲ್ಲಿ ಹೇಗೆ ಒಟ್ಟುಮಾಡಬೇಕು ಎಂದು ಹೇಳುವುದಿಲ್ಲ. ‘ಗ್ರೂಪ್’ ಎಂಬ ಪದ ಓದಿದಾಗ ನಾವು ನಮ್ಮ ನಾಲ್ವರನ್ನೇ ನೆನೆಸಿಕೊಂಡೆವು. ಯಂತ್ರಕ್ಕೆ ಗ್ರೂಪ್ ಎಂದರೆ ಸರ್ವರಿನ ಒಂದು ಪಟ್ಟಿಯಲ್ಲಿರುವ ಹೆಸರು. ಅದನ್ನು ನೀವು ಮೊದಲು ಸೃಷ್ಟಿಸಬೇಕು, ನಾಲ್ವರನ್ನೂ ಅದಕ್ಕೆ ಸೇರಿಸಬೇಕು, ಫೋಲ್ಡರನ್ನು ಆ ಗುಂಪಿನ ಹೆಸರಿಗೆ ಬರೆಯಬೇಕು. ಇದರ ಸುಳಿವು ಇಡೀ ವಿವರಣೆಯಲ್ಲಿ ಒಂದೇ ಕಡೆ ಇದೆ, ಅದೂ ಒಂದು ಕಂಸದೊಳಗೆ: ಎಲ್ಲ ಬಳಕೆದಾರರಿಗೂ ಗಿಟ್‌ನ ಗುಂಪೇ ಮೊದಲ ಗುಂಪಾಗಿರಲಿಕ್ಕಿಲ್ಲ, ಆದ್ದರಿಂದ ಇಂಥಿಂಥ ಅನುಮತಿಯನ್ನೂ ಹಾಕಲಾಗುತ್ತದೆ, ಎಂಬರ್ಥದ ಮಾತು. ಗೊತ್ತಿದ್ದವನಿಗೆ ಅದು ಬೇಕಿಲ್ಲ, ಗೊತ್ತಿಲ್ಲದವನಿಗೆ ಅದು ಸಾಲದು.

ನಾವು ಗೊತ್ತಿಲ್ಲದವರು. ‘ಬೇರ್’ ಹಾಕಿದೆವು, ‘ಶೇರ್ಡ್’ ಬಿಟ್ಟೆವು. ನಾಲ್ವರೂ ತಂತಮ್ಮ ಖಾತೆಯಿಂದ ಲಾಗಿನ್ ಆಗುತ್ತೇವಲ್ಲ, ಅಷ್ಟಾದರೆ ಹಂಚಿಕೊಂಡ ಹಾಗೇ ತಾನೆ?

ಎರಡನೆಯ ವಾರದಿಂದ ವಿಚಿತ್ರ ಕಾಯಿಲೆ ಶುರುವಾಯಿತು. ಒಬ್ಬರು ಪುಶ್ ಮಾಡಿದರೆ ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ. ಆಬ್ಜೆಕ್ಟ್ ಸೇರಿಸಲು ಅನುಮತಿ ಸಾಲದು ಎಂಬ ಸಂದೇಶ ಬರುತ್ತದೆ. ಅದೇ ಫೈಲಿಗೆ ಒಂದು ಖಾಲಿ ಸಾಲು ಸೇರಿಸಿ ಮತ್ತೆ ಕಮಿಟ್ ಮಾಡಿ ಕಳಿಸಿದರೆ ಹೋಗಿಬಿಡುತ್ತದೆ. ವೈಫೈ ಸರಿಯಿಲ್ಲ ಎಂದೆವು. ಮೈಲಾಪುರದ ಗೆಳತಿ, ಅವಳು ಅಕೌಂಟ್ಸ್ ಕೆಲಸದವಳು, ‘ಇದು ಮುಹೂರ್ತ ನೋಡಿ ಕಳಿಸೋ ಸಾಮಾನು ಕಣ್ರೋ’ ಎಂದಳು.

ಕಾರಣ ತಿಳಿದಮೇಲೆ ಅದು ಬಹಳ ಸರಳ, ಚೆಂದವೂ ಹೌದು. ಗಿಟ್ ತನ್ನೊಳಗೆ ಬಂದ ಪ್ರತಿಯೊಂದು ವಸ್ತುವಿಗೂ ಅದರ ಒಳಗಿರುವುದನ್ನು ಲೆಕ್ಕಹಾಕಿ ಒಂದು ಉದ್ದನೆಯ ಹೆಸರಿಡುತ್ತದೆ. ಆ ಹೆಸರಿನ ಮೊದಲೆರಡು ಅಕ್ಷರ ನೋಡಿ ಒಂದು ಕೋಣೆಯಲ್ಲಿ ಇಡುತ್ತದೆ. ಅಂಥ ಕೋಣೆಗಳು ಒಟ್ಟು 256. ಕೋಣೆ ಮೊದಲು ಯಾರಿಗೆ ಬೇಕಾಯಿತೋ ಅವರ ಹೆಸರಿನಲ್ಲಿ ಕಟ್ಟಲ್ಪಡುತ್ತದೆ, ಸಾಮಾನ್ಯ ಅನುಮತಿಯಲ್ಲಿ ಅವರೊಬ್ಬರೇ ಅದರಲ್ಲಿ ಇಡಬಹುದು. ನಾನು ಕಳಿಸಿದ ವಸ್ತು ನಾನು ಕಟ್ಟಿದ ಕೋಣೆಗೆ ಅಥವಾ ಇನ್ನೂ ಕಟ್ಟದ ಕೋಣೆಗೆ ಬಿದ್ದರೆ ಸರಿ. ನೀವು ಕಟ್ಟಿದ ಕೋಣೆಗೆ ಬಿದ್ದರೆ ಬಾಗಿಲು ಹಾಕಿದೆ. ಒಂದು ಖಾಲಿ ಸಾಲು ಸೇರಿಸಿದಾಗ ಹೆಸರು ಬದಲಾಗಿ ಬೇರೆ ಕೋಣೆಗೆ ಹೋಗುತ್ತಿತ್ತು. ಗೆಳತಿ ಹೇಳಿದ್ದು ಸರಿಯಾಗಿತ್ತು, ಅದು ಮುಹೂರ್ತವೇ.

ಪೆರುಂಗುಡಿಯ ಗೆಳೆಯ ಎಲ್ಲೋ ಓದಿ ಕೋಣೆಗಳ ಬಾಗಿಲನ್ನೆಲ್ಲ ಒಂದೇ ಆಜ್ಞೆಯಲ್ಲಿ ಸಕಲರಿಗೂ ತೆರೆದುಬಿಟ್ಟ. ಹೊಸ ಕೋಣೆ ಕಟ್ಟಿದಾಗ ಕಾಯಿಲೆ ಮರುಕಳಿಸುತ್ತಿತ್ತು, ಅವನು ಭಾನುವಾರ ಮತ್ತೆ ತೆರೆಯುತ್ತಿದ್ದ. ಕೋಣೆಗಳು ಒಂದೊಂದಾಗಿ ಎದ್ದು ಮುಗಿಯುತ್ತ ಬಂದಂತೆ ಕಾಯಿಲೆಯೂ ಕಡಿಮೆಯಾಯಿತು. ವಾಸಿಯಾಯಿತು ಎಂದುಕೊಂಡೆವು. ಇನಿಟ್ ಪುಟವನ್ನು ಆಮೇಲೆ ಯಾರೂ ತೆರೆಯಲಿಲ್ಲ.

ಆ ಪುಟದಲ್ಲಿ ಶೇರ್ಡ್‌ನ ವಿವರಣೆಯ ತುದಿಯಲ್ಲಿ, ಅಂಕಿಗಳೆಲ್ಲ ಮುಗಿದಮೇಲೆ, ಒಂದು ವಾಕ್ಯವಿದೆ. ಶೇರ್ಡ್ ಎಂದು ಸೃಷ್ಟಿಸಿದ ರೆಪಾಸಿಟರಿಯಲ್ಲಿ ಒಬ್ಬರು ಬಲವಂತವಾಗಿ ಪುಶ್ ಮಾಡಿ ಇತರರ ಇತಿಹಾಸವನ್ನು ತಳ್ಳಿಹಾಕದಂತೆ ತಡೆಯುವ ಒಂದು ಸೆಟ್ಟಿಂಗ್ ತಾನಾಗಿಯೇ ಹಾಕಿರುತ್ತದೆ, ಎಂದು. ಇಡೀ ಪುಟದಲ್ಲಿ ಮನುಷ್ಯ ಮನುಷ್ಯನಿಗೆ ಮಾಡಬಹುದಾದ ಅನ್ಯಾಯದ ಬಗ್ಗೆ ಇರುವ ವಾಕ್ಯ ಇದೊಂದೇ. ಅದು ಮೊದಲು ಬರಬೇಕಿತ್ತು. ‘ಒಂದು ರೆಪಾಸಿಟರಿಯನ್ನು ಹಲವರು ಬಳಸುವಾಗ ಎರಡು ತೊಂದರೆ ಬರುತ್ತವೆ: ಒಬ್ಬರು ಇಟ್ಟದ್ದರ ಪಕ್ಕ ಇನ್ನೊಬ್ಬರು ಇಡಲಾಗದೆ ಹೋಗುವುದು, ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಅಳಿಸುವುದು, ಈ ಆಯ್ಕೆ ಎರಡನ್ನೂ ನೋಡಿಕೊಳ್ಳುತ್ತದೆ’ ಎಂದು ಶುರುವಾಗಿದ್ದರೆ, ಓದಿದ ಮೊದಲ ಭಾನುವಾರವೇ ನಾವು ಅದನ್ನು ಹಾಕಿರುತ್ತಿದ್ದೆವು. ಬಾಗಿಲು ತೆರೆಯುವ ಅಡ್ಡದಾರಿಯಿಂದ ಮೊದಲನೆಯ ತೊಂದರೆ ಹೋಯಿತು. ಎರಡನೆಯದಕ್ಕೆ ಕಾವಲೇ ಇರಲಿಲ್ಲ.

ಯಜಮಾನರಿಗೆ ಕಣ್ಣು ಮಂಜಾಗಿತ್ತು. ಗೆಳತಿ ವಾರಕ್ಕೆ ಮೂರು ಸಂಜೆ ಹೋಗಿ ಟೈಪಾದದ್ದನ್ನು ಓದಿಹೇಳುತ್ತಿದ್ದಳು, ಅವರು ಕೈಯೆತ್ತಿ ನಿಲ್ಲಿಸಿ ತಿದ್ದಿಸುತ್ತಿದ್ದರು. ತಿದ್ದಿಸಿದ್ದು ಬಹುಪಾಲು ನಮ್ಮ ತಿದ್ದುಪಡಿಗಳನ್ನೇ. ಅವರು ಬರೆದ ‘ಒಸಿ’ಯನ್ನು ನಾವು ‘ಸ್ವಲ್ಪ’ ಮಾಡಿದ್ದೆವು. ‘ಐಕ್ಳು’ ಎಂದದ್ದನ್ನು ‘ಮಕ್ಕಳು’ ಮಾಡಿದ್ದೆವು. ಯಾರೂ ಹೇಳದೆಯೇ, ಅಭ್ಯಾಸಬಲದಿಂದ. ಅವರು ಒಂದೊಂದನ್ನೂ ವಾಪಸು ಮಾಡಿಸಿದರು. ಮೂರು ನೋಟುಪುಸ್ತಕ, ಹನ್ನೊಂದು ಸಂಜೆ.

ತರಮಣಿಯ ಹುಡುಗ ಪರೀಕ್ಷೆ ಮುಗಿಸಿ ಒಂದು ತಿಂಗಳ ಮೇಲೆ ಕೆಲಸಕ್ಕೆ ಬಂದ. ಅವನ ಲ್ಯಾಪ್‌ಟಾಪಿನಲ್ಲಿದ್ದದ್ದು ಹಳೆಯ ಪ್ರತಿ. ಪುಶ್ ನಿರಾಕರಣೆಯಾಯಿತು. ‘ಫಾಸ್ಟ್ ಫಾರ್ವರ್ಡ್ ಅಲ್ಲ’ ಎಂಬುದು ಕಾರಣ. ಆ ಕಡೆ ಹೊಸದು ಬಂದಿದೆ, ಮೊದಲು ಅದನ್ನು ಎಳೆದುಕೊಂಡು ಸೇರಿಸಿಕೋ ಎಂದು ಕೆಳಗೆ ಸುಳಿವೂ ಇರುತ್ತದೆ. ಅವನು ‘ಫೋರ್ಸ್’ ಹಾಕಿದ. ಹೋಯಿತು. ಮುಂದಿನ ವಾರ ಅದರಿಂದಲೇ ಪ್ರಿಂಟು ತೆಗೆದು, ಅಕ್ಷರ ದಪ್ಪಮಾಡಿ, ಗೆಳತಿ ಯಜಮಾನರ ಕೈಗೆ ಕೊಟ್ಟಳು. ಅವರು ಭೂತಗನ್ನಡಿ ಹಿಡಿದು ಎರಡು ಪುಟ ನೋಡಿದರು. ‘ಸ್ವಲ್ಪ’ ಮತ್ತೆ ಬಂದು ಕೂತಿತ್ತು. ‘ನಿಮ್ಗೆ ಸರಿ ಕಂಡಂಗೆ ಮಾಡ್ಕಳಿ ಕನವ್ವ’ ಎಂದು ಪುಟ ಮಡಿಸಿ ಕೊಟ್ಟರಂತೆ. ಅವಳಿಗೆ ಏನಾಗಿದೆ ಎಂದು ತಿಳಿದದ್ದು ಬಸ್ಸಿನಲ್ಲಿ ಬರುವಾಗ ಪುಟ ಬಿಡಿಸಿದ ಮೇಲೆ.

ಹುಡುಗನನ್ನು ಬೈದೆವು. ಬೈಯಬಾರದಿತ್ತು.

ಈಗ, ಒಂದು ಒಳ್ಳೆಯ ತಂಡ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕೈಪಿಡಿ ಯಾಕೆ ಹೀಗಿದೆ ಎಂದು ಕೇಳಿಕೊಳ್ಳಬೇಕು. ಉತ್ತರ ಅದರ ಹುಟ್ಟಿನಲ್ಲಿದೆ. 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ ಕೆಲಸಗಾರರು ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಪುಕ್ಕಟೆಯಾಗಿ ಸಿಗುವುದು ನಿಂತುಹೋಯಿತು. ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್ ಬರೆದರು. ಅದರ ಮೊದಲ ಕಮಿಟ್‌ನ ತಾರೀಕು ಏಪ್ರಿಲ್ 7. ಅದೇ ಜುಲೈಯಲ್ಲಿ ಉಸ್ತುವಾರಿ ಜುನಿಯೋ ಹಮಾನೋ ಅವರ ಕೈಗೆ ಹೋಯಿತು. ಕರ್ನಲ್ ಕೆಲಸದ ರೀತಿ ಏನೆಂದರೆ, ಒಂದೇ ಕೋಣೆಗೆ ಎಲ್ಲರೂ ತಂದು ಇಡುವುದಲ್ಲ. ಪ್ರತಿಯೊಬ್ಬರದ್ದೂ ತಂತಮ್ಮ ಮರ, ತಿದ್ದುಪಡಿ ಇಮೇಲಿನಲ್ಲಿ ಹೋಗುತ್ತದೆ, ಮೇಲಿನವರು ಬೇಕಾದ್ದನ್ನು ಎಳೆದುಕೊಳ್ಳುತ್ತಾರೆ. ಬೇರೆಯವರ ಮನೆಗೆ ನುಗ್ಗಿ ಇಡುವ ಪ್ರಶ್ನೆಯೇ ಅಲ್ಲಿಲ್ಲ. ಹಾಗಾಗಿ, ಹಂಚಿಕೊಂಡ ಒಂದೇ ರೆಪಾಸಿಟರಿ ಎಂಬುದು ಗಿಟ್‌ಗೆ ಮನೆಮಾತಲ್ಲ. ಅದು ನಡುವೆ ಕಲಿತ ಮಾತು.

ಇದಕ್ಕೆ ಸಾಕ್ಷಿ ಕೈಪಿಡಿಯಲ್ಲೇ ಇದೆ. ಹಂಚಿಕೆಯ ರೆಪಾಸಿಟರಿಯನ್ನು ಸ್ಥಾಪಿಸುವುದು ಹೇಗೆ ಎಂದು ಕ್ರಮವಾಗಿ, ಗುಂಪಿನ ಹೆಸರಿಗೆ ಫೋಲ್ಡರ್ ಬರೆಯುವ ಆಜ್ಞೆಯೂ ಸೇರಿ, ತಿಳಿಸಿಕೊಡುವ ಪುಟವೊಂದು ನಿಜಕ್ಕೂ ಇದೆ. ಅದು ಇನಿಟ್ ಪುಟದಲ್ಲಿಲ್ಲ. ಸಿವಿಎಸ್ ಎಂಬ ಹಳೆಯ ಸಾಧನ ಬಿಟ್ಟು ಗಿಟ್‌ಗೆ ಬರುವವರಿಗಾಗಿ ಬರೆದ ಪುಟದಲ್ಲಿದೆ. ಹೆಸರೇ ‘ಸಿವಿಎಸ್ ಮೈಗ್ರೇಶನ್’. ವಲಸೆಗಾರರ ಪುಟ! ಅದರ ಧಾಟಿ ನನಗೆ ಬಹಳ ಹಿಡಿಸಿತು. ಗಿಟ್‌ನಲ್ಲಿ ಪ್ರತಿಯೊಂದು ಪ್ರತಿಯೂ ಪೂರ್ಣ ಇತಿಹಾಸ ಹೊಂದಿರುತ್ತದೆ, ಯಾವ ಪ್ರತಿಯೂ ಇನ್ನೊಂದಕ್ಕಿಂತ ಹುಟ್ಟಿನಿಂದ ಹೆಚ್ಚಿನದಲ್ಲ, ಆದರೂ ನಿಮ್ಮ ಹಳೆಯ ಊರಿನ ಹಾಗೆ ಒಂದು ಕೇಂದ್ರ ಬೇಕೆನಿಸಿದರೆ ಒಂದನ್ನು ಹಾಗೆಂದು ಗೊತ್ತುಮಾಡಿಕೊಳ್ಳಬಹುದು ಎಂದು ಅದು ಸಮಾಧಾನದಿಂದ ಹೇಳುತ್ತದೆ. ಮೊದಲು ಓದುಗ ಯಾರು, ಎಲ್ಲಿಂದ ಬಂದ, ಯಾವ ಅಭ್ಯಾಸ ಹೊತ್ತು ಬಂದ ಎಂದು ನೋಡಿಕೊಂಡು ಆಮೇಲೆ ಮಾತಾಡುತ್ತದೆ. ಕೈಪಿಡಿಯ ಅತ್ಯುತ್ತಮ ಗದ್ಯ ಹೊರಗಿನಿಂದ ಬಂದವರಿಗಾಗಿ ಬರೆದದ್ದು ಎಂಬುದು ಆಕಸ್ಮಿಕವಲ್ಲ ಎನಿಸುತ್ತದೆ. ಎದುರಿಗಿರುವವನಿಗೆ ಗೊತ್ತಿಲ್ಲ ಎಂದು ಬರೆಯುವವನು ಒಪ್ಪಿಕೊಂಡಾಗ ಮಾತ್ರ ವಾಕ್ಯಗಳು ತಿರುಗಿ ನೋಡುತ್ತವೆ. ತೊಂದರೆ ಇಷ್ಟೇ: ಸಿವಿಎಸ್ ಎಂಬ ಹೆಸರನ್ನೇ ಕೇಳಿರದ ಇಪ್ಪತ್ತು ವರ್ಷದ ಹುಡುಗ ಆ ಪುಟವನ್ನು ಯಾಕೆ ತೆರೆಯುತ್ತಾನೆ?

ಪದಗಳ ವಿಷಯದಲ್ಲೂ ಇದೇ ಕಥೆ. ಕಮಿಟ್‌ಗೆ ಮುಂಚೆ ತಿದ್ದುಪಡಿ ಕೂತಿರುವ ಜಗಲಿಗೆ ಗಿಟ್‌ನಲ್ಲಿ ಮೂರು ಹೆಸರು: ಇಂಡೆಕ್ಸ್, ಕ್ಯಾಶ್, ಸ್ಟೇಜಿಂಗ್ ಏರಿಯಾ. ‘ಡಿಫ್’ ಆಜ್ಞೆಗೆ ‘ಕ್ಯಾಶ್ಡ್’ ಎಂದರೂ ‘ಸ್ಟೇಜ್ಡ್’ ಎಂದರೂ ಒಂದೇ. ‘ಅಪ್ಲೈ’ ಆಜ್ಞೆಗೆ ‘ಕ್ಯಾಶ್ಡ್’ ಬೇರೆ, ‘ಇಂಡೆಕ್ಸ್’ ಬೇರೆ. ಈ ಎರಡರ ನಡುವೆ ಜನ ಪದೇಪದೇ ಎಡವುತ್ತಾರೆ ಎಂದು ಒಪ್ಪಿಕೊಂಡು ಅದಕ್ಕಾಗಿಯೇ ಬೇರೆ ತಲೆಬರಹ ಕೊಟ್ಟು ಬರೆದ ಭಾಗವೂ ಕೈಪಿಡಿಯಲ್ಲಿದೆ. ಗುಂಡಿಯ ಪಕ್ಕದಲ್ಲಿ ಎಚ್ಚರಿಕೆಯ ಫಲಕ ನೆಟ್ಟಿದ್ದಾರೆ. ಮಳೆಗಾಲದಲ್ಲಿ ವೇಳಚೇರಿಯಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ.

ನನಗೆ ತುಂಬ ಕಾಡಿದ ಜೋಡಿ ‘ಅವರ್ಸ್’ ಮತ್ತು ‘ದೇರ್ಸ್’. ಇಬ್ಬರ ತಿದ್ದುಪಡಿ ಒಂದೇ ಸಾಲಿಗೆ ಬಂದಾಗ, ನಮ್ಮದನ್ನು ಇಟ್ಟುಕೊಳ್ಳಲೋ ಅವರದ್ದನ್ನೋ ಎಂದು ಗಿಟ್ ಕೇಳುತ್ತದೆ. ಮರ್ಜ್ ಮಾಡುವಾಗ ನಮ್ಮದು ಎಂದರೆ ನಮ್ಮದೇ. ರೀಬೇಸ್ ಮಾಡುವಾಗ ನಮ್ಮದು ಎಂದರೆ ಅವರದ್ದು, ಅವರದ್ದು ಎಂದರೆ ನಮ್ಮದು. ಕೈಪಿಡಿ ಇದನ್ನು ಮುಚ್ಚಿಟ್ಟಿಲ್ಲ, ಇವು ಅದಲುಬದಲಾದಂತೆ ಕಾಣಬಹುದು ಎಂದು ಬರೆದಿದೆ, ಕಾರಣವನ್ನೂ ಕೊಟ್ಟಿದೆ. ರೀಬೇಸ್‌ನಲ್ಲಿ ನಮ್ಮ ಕೆಲಸವನ್ನು ಕಳಚಿ, ಅವರ ಇತಿಹಾಸದ ಮೇಲೆ ನಿಂತು, ಒಂದೊಂದಾಗಿ ಮತ್ತೆ ಹಚ್ಚುತ್ತೇವೆ. ನಿಂತಿರುವ ನೆಲವೇ ‘ನಮ್ಮದು’. ತರ್ಕ ಸರಿ. ಆದರೆ ಚೆನ್ನೈಗೆ ಬಂದ ಹೊಸದರಲ್ಲಿ ತಮಿಳು ಕಲಿತವರು ನೆನಪಿಸಿಕೊಳ್ಳಿ: ‘ನಾಮ್’ ಎಂದರೆ ಕೇಳುತ್ತಿರುವ ನೀವೂ ಸೇರಿ ನಾವು, ‘ನಾಂಗಳ್’ ಎಂದರೆ ನೀವಿಲ್ಲದ ನಾವು. ನಮ್ಮ ಕನ್ನಡಕ್ಕೆ ಇರುವುದು ಒಂದೇ ನಾವು, ಎದುರಿಗಿರುವವರು ಅದರೊಳಗೋ ಹೊರಗೋ ಎಂದು ಮುಖ ನೋಡಿ ತಿಳಿಯಬೇಕು. ಹಂಚಿಕೆಯ ಕೆಲಸದ ಸಾಧನಕ್ಕೆ ತಮಿಳಿನ ಆ ಎರಡು ನಾವುಗಳ ಎಚ್ಚರ ಬೇಕಿತ್ತು. ಗಿಟ್‌ನ ಸರ್ವನಾಮಗಳು ಇಬ್ಬರ ನಡುವಿನ ಸಂಬಂಧದಿಂದ ಹುಟ್ಟಿದವಲ್ಲ, ಆ ಕ್ಷಣದಲ್ಲಿ ಯಂತ್ರ ಯಾವ ಕಡೆ ನಿಂತಿದೆ ಎಂಬುದರಿಂದ ಹುಟ್ಟಿದವು.

2022ರ ಏಪ್ರಿಲ್‌ನಲ್ಲಿ ಇದಕ್ಕೆ ಇನ್ನೊಂದು ಸೇರಿತು. ಭದ್ರತೆಯ ಒಂದು ಲೋಪ ಮುಚ್ಚಲು, ನೀವು ನಿಂತ ರೆಪಾಸಿಟರಿಯ ಫೋಲ್ಡರ್ ಬೇರೆಯವರ ಹೆಸರಿನಲ್ಲಿದ್ದರೆ ಗಿಟ್ ಕೆಲಸ ಮಾಡಲು ನಿರಾಕರಿಸತೊಡಗಿತು. ಮೊದಲು ‘ಅಸುರಕ್ಷಿತ’ ಎನ್ನುತ್ತಿದ್ದ ಸಂದೇಶ ಆಮೇಲೆ ‘ಸಂಶಯಾಸ್ಪದ ಒಡೆತನ’ ಎಂದಾಯಿತು. ನಾನು ಸರ್ವರಿನೊಳಗೆ ಹೋಗಿ, ಗೆಳೆಯನ ಹೆಸರಿನಲ್ಲಿದ್ದ ನಮ್ಮ ಫೋಲ್ಡರಿನಲ್ಲಿ ನಿಂತು ಇತಿಹಾಸ ತೋರಿಸೆಂದಾಗ ಬಂದದ್ದು ಅದೇ. ಕಾರಣ ನ್ಯಾಯವಾದದ್ದು, ಯಾರೋ ಇಟ್ಟ ಬಲೆಯೊಳಗೆ ನೀವು ಕಾಲಿಡದಿರಲಿ ಎಂಬ ಕಾಳಜಿ. ಆದರೆ ಬೇರೆಯವರ ಹೆಸರಿನಲ್ಲಿರುವುದನ್ನು ನಾವೂ ಬಳಸುವುದೇ ಹಂಚಿಕೆ ಅಲ್ಲವೇ? ಆ ಸಂದೇಶ, ಈ ಫೋಲ್ಡರಿಗೆ ವಿನಾಯಿತಿ ಬೇಕಾದರೆ ಇಂಥ ಆಜ್ಞೆ ಕೊಡಿ ಎಂದು ಹೇಳಿ ಸುಮ್ಮನಾಗುತ್ತದೆ. ಯಾವಾಗ ವಿನಾಯಿತಿ ಕೊಡಬಹುದು, ಯಾವಾಗ ಕೂಡದು ಎಂದು ತೀರ್ಮಾನಿಸಲು ಬೇಕಾದ ಒಂದು ವಾಕ್ಯ ಅಲ್ಲಿಲ್ಲ.

ನಿರಾಕರಣೆಯ ಸಂದೇಶಗಳೆಲ್ಲ ಹೀಗೇ ಎಂದು ಹೇಳಲಾರೆ. 2010ರ ಫೆಬ್ರವರಿಯ 1.7.0 ಆವೃತ್ತಿಯಿಂದ, ಬೇರ್ ಅಲ್ಲದ, ಅಂದರೆ ಯಾರೋ ಕೂತು ಕೆಲಸ ಮಾಡುತ್ತಿರುವ ರೆಪಾಸಿಟರಿಯ ಚಾಲ್ತಿ ಶಾಖೆಗೆ ಪುಶ್ ಮಾಡಿದರೆ ಗಿಟ್ ಬೇಡವೆನ್ನುತ್ತದೆ. ಆಗ ಬರುವ ಸಂದೇಶವನ್ನು ಒಮ್ಮೆ ಪೂರ್ತಿ ಓದಿ. ಏನನ್ನು ತಡೆದೆ, ತಡೆಯದಿದ್ದರೆ ಆ ಕಡೆ ಕೂತವರ ಫೈಲುಗಳಿಗೂ ಇತಿಹಾಸಕ್ಕೂ ಹೇಗೆ ತಾಳತಪ್ಪುತ್ತಿತ್ತು, ಹೀಗಿದ್ದೂ ನಿಮಗೆ ಇದೇ ಬೇಕಿದ್ದರೆ ಏನು ಮಾಡಬೇಕು, ಈ ಮಾತನ್ನೇ ಕೇಳಬಾರದೆಂದಿದ್ದರೆ ಏನು ಮಾಡಬೇಕು, ಎಲ್ಲವೂ ಅಲ್ಲಿದೆ. ಬೇರ್ ಯಾಕೆ ಬೇಕು ಎಂಬುದಕ್ಕೆ ಇನಿಟ್ ಪುಟ ಕೊಡದ ಉತ್ತರವನ್ನು ಒಂದು ತಪ್ಪು ಸಂದೇಶ ಕೊಡುತ್ತದೆ. ತಪ್ಪು ಮಾಡಿದವನಿಗೆ ಮಾತ್ರ ಪಾಠ ಸಿಗುವ ಶಾಲೆ ಇದು.

ಗಿಟ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಆಕರಗ್ರಂಥ, ಪಾಠಪುಸ್ತಕವಲ್ಲ. ತಿಳಿದವನು ಮರೆತದ್ದನ್ನು ನೋಡಿಕೊಳ್ಳಲು ಇರುವುದು ಎಂದು ಬಲ್ಲವರು ಹೇಳುತ್ತಾರೆ. ಸೂತ್ರ ಅಂದರೆ ಹಾಗೇ ಇರಬೇಕು ಎಂದು. ಇರಲಿ. ನಮ್ಮಲ್ಲೂ ಸೂತ್ರಗಳಿವೆ. ಆದರೆ ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕಂದಪದ್ಯದ ಸೂತ್ರ ಬರೆದು ಕೈತೊಳೆದುಕೊಳ್ಳಲಿಲ್ಲ. ಕೆಳಗೆ ತಾನೇ ವೃತ್ತಿ ಬರೆದ, ಅದರ ಕೆಳಗೆ ಕವಿಗಳಿಂದ ಪ್ರಯೋಗ ಕೊಟ್ಟ. ಸೂತ್ರ ಒಂದೆಡೆ, ವೃತ್ತಿ ಸಿವಿಎಸ್‌ನವರ ಓಣಿಯಲ್ಲಿ, ಪ್ರಯೋಗ ಇನ್ನೆಲ್ಲೋ ಎಂದು ಓದುಗನನ್ನು ಊರೆಲ್ಲ ಸುತ್ತಿಸಲಿಲ್ಲ.

ಗಿಟ್‌ಗೆ ವೃತ್ತಿಯಂಥದ್ದು ಹೊರಗೆ ಬಂದಿದೆ. ಸ್ಕಾಟ್ ಶಾಕನ್ ಅವರ ‘ಪ್ರೊ ಗಿಟ್’ 2009ರದ್ದು. ಬೆನ್ ಸ್ಟ್ರಾಬ್ ಜೊತೆಗೂಡಿದ ಎರಡನೆಯ ಆವೃತ್ತಿ 2014ರದ್ದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದರ ನಾಲ್ಕನೆಯ ಅಧ್ಯಾಯ ಪೂರ್ತಿಯಾಗಿ ಸರ್ವರಿನ ಮೇಲೆ ಗಿಟ್ ಇಡುವುದರ ಕುರಿತು. ಬೇರ್ ಎಂದರೆ ಕೆಲಸದ ಫೋಲ್ಡರ್ ಇಲ್ಲದ ರೆಪಾಸಿಟರಿ ಎಂಬುದು ಅಲ್ಲಿ ಮೊದಲೇ ಬರುತ್ತದೆ. ಇನ್ನೂ ಮುಖ್ಯವಾಗಿ, ಅಲ್ಲಿ ಜನ ಬರುತ್ತಾರೆ: ಕೀಲಿಗಳನ್ನು ಸೇರಿಸುವ ಉದಾಹರಣೆಯಲ್ಲಿ ಜಾನ್, ಜೋಸಿ, ಜೆಸಿಕಾ ಎಂಬ ಮೂವರು. ಅವರ ಬಗ್ಗೆ ಬೇರೇನೂ ತಿಳಿಯುವುದಿಲ್ಲ, ಒಬ್ಬೊಬ್ಬರಿಗೂ ಒಂದು ಕೀಲಿ ಇದೆ ಎಂಬುದರ ಹೊರತು. ಆದರೂ ‘ಬಳಕೆದಾರ’ ಎಂಬ ನಿರಾಕಾರದ ಜಾಗದಲ್ಲಿ ಮೂರು ಹೆಸರು ಬಂದೊಡನೆ ಹಂಚಿಕೆ ಎಂಬ ಪದಕ್ಕೆ ಜೀವ ಬರುತ್ತದೆ. ಆ ಪುಸ್ತಕದ ಬಗ್ಗೆ ನನಗೊಂದು ತಕರಾರಿದೆ. ನಡುವಿನಲ್ಲಿ ‘ಶೇರ್ಡ್’ ಹಾಕಿ ಇನಿಟ್ ಮತ್ತೆ ಓಡಿಸಿದರೆ ಅನುಮತಿಗಳು ಸರಿಹೋಗುತ್ತವೆ ಎಂಬ ಭರವಸೆಯ ಧಾಟಿ ಅದರಲ್ಲಿದೆ. ನಾವು ಕೊನೆಗೆ ಹಾಗೇ ಮಾಡಿದಾಗ ಮುಂದೆ ಕಟ್ಟುವ ಕೋಣೆಗಳು ಸರಿಯಾದವು, ಬಲವಂತದ ಪುಶ್ ನಿಂತಿತು. ಆದರೆ ಮೊದಲೇ ಕಟ್ಟಿದ ಕೋಣೆಗಳು ಹಾಗೇ ಉಳಿದವು, ಅವುಗಳ ಗುಂಪನ್ನೂ ಅನುಮತಿಯನ್ನೂ ಕೈಯಾರೆ ಬದಲಿಸಬೇಕಾಯಿತು.

ಗಿಟ್‌ನದೇ ಕೈಪಿಡಿಯಲ್ಲಿ ‘ಎವೆರಿಡೇ’ ಎಂಬ ಇನ್ನೊಂದು ಪುಟ ಇದೆ. ಆಜ್ಞೆಗಳನ್ನು ಅಕಾರಾದಿಯಲ್ಲಿ ಜೋಡಿಸದೆ ಜನರ ಪಾತ್ರದಂತೆ ಜೋಡಿಸಿದ್ದಾರೆ. ಒಬ್ಬರೇ ಕೆಲಸ ಮಾಡುವವರು, ಗುಂಪಿನಲ್ಲಿ ಭಾಗವಹಿಸುವವರು, ಇತರರದ್ದನ್ನು ಸೇರಿಸುವವರು, ರೆಪಾಸಿಟರಿ ನೋಡಿಕೊಳ್ಳುವವರು. ದಾರಿ ಇದೇ. ಕೊನೆಯ ಪಾತ್ರದ ಉದಾಹರಣೆಗಳು ಮಾತ್ರ ಐನೆಟ್‌ಡಿ ಕಾಲದವು, ಈಗ ಓದಿದರೆ ತಂತಿ ಕಳಿಸುವ ನಮೂನೆ ಓದಿದಂತಿರುತ್ತದೆ. ಗಿಟ್‌ಹಬ್ 2008ರಲ್ಲಿ ಬಂದಮೇಲೆ ಹಂಚಿಕೆಯ ರೆಪಾಸಿಟರಿಯನ್ನು ಸ್ವಂತ ಕೈಯಿಂದ ಕಟ್ಟುವವರು ವಿರಳವಾದರು. ಒಂದು ಗುಂಡಿ ಒತ್ತಿದರೆ ಆಗುತ್ತದೆ. ಓದುಗರಿಲ್ಲದ ಪುಟವನ್ನು ಯಾರು ತಿದ್ದುತ್ತಾರೆ?

ಕನ್ನಡದವರಿಗೆ ಪ್ರತ್ಯೇಕವಾಗಿ ಕಾದಿರುವ ಒಂದು ಸಣ್ಣ ಹಿಂಸೆಯನ್ನೂ ಹೇಳಿಬಿಡುತ್ತೇನೆ. ಫೈಲುಗಳಿಗೆ ನೀವು ಕನ್ನಡದಲ್ಲಿ ಹೆಸರಿಟ್ಟಿದ್ದರೆ ‘ಸ್ಟೇಟಸ್’ ಕೇಳಿದಾಗ ‘ಕ’ ಎಂಬ ಅಕ್ಷರದ ಜಾಗದಲ್ಲಿ 340, 262, 225 ಎಂಬ ಮೂರು ಅಂಕಿ ಬರುತ್ತವೆ. ‘ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ಆರಿಸಿದರೆ ಕನ್ನಡ ಕಾಣುತ್ತದೆ. ಗಿಟ್‌ನ ಪ್ರಕಾರ ನಮ್ಮ ಅಕ್ಷರ ‘ಅಸಾಮಾನ್ಯ’, ಮೊದಲ ಮರ್ಯಾದೆ ಅಂಕಿಗೆ.

ಮದರಾಸಿನಲ್ಲಿ ಕೂತು ಈ ದೂರನ್ನು ಬರೆಯುವಾಗ ನೆನಪಾಗುವ ಪುಸ್ತಕ ಕಿಟ್ಟೆಲ್ ಕೋಶ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಇದೇ ಊರಿನ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೂತು ಮಾಡಿದ ಕೆಲಸ ಎಂಬುದು ಮೊದಲ ಪುಟದಲ್ಲೇ ಇಬ್ಬರ ಹೆಸರಿನೊಂದಿಗೆ ಇದೆ. ಹಳೆಯ ಕಾವ್ಯಗಳ ಸಂಪಾದಕರೂ ಹಾಗೇ. ಕ ಪ್ರತಿ ಎಲ್ಲಿಯದು, ಖ ಪ್ರತಿ ಓಲೆಯದೋ ಕಾಗದದ್ದೋ, ಯಾರು ಕೊಟ್ಟದ್ದು ಎಂದು ಪರಿಚಯ ಮಾಡಿಕೊಟ್ಟು ಆಮೇಲೆ ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುತ್ತಿದ್ದರು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಲಿಪಿಕಾರರ ತಪ್ಪುಗಳ ಬಗ್ಗೆ ಗೊತ್ತು. ತನಗೆ ಪರಿಚಯವಿಲ್ಲದ ಪದವನ್ನು ಪರಿಚಯದ ಪದವಾಗಿ ಬದಲಿಸಿ ಬರೆಯುವುದು ಅದರಲ್ಲೊಂದು. ‘ಒಸಿ’ಯನ್ನು ‘ಸ್ವಲ್ಪ’ ಮಾಡಿದ ನಾವು ಆ ವಂಶದವರು.

ಯಜಮಾನರ ಹನ್ನೊಂದು ಸಂಜೆಗಳು ಸಿಕ್ಕವು. ಬೇರ್ ರೆಪಾಸಿಟರಿ ತನ್ನ ಶಾಖೆಗಳು ಎಲ್ಲೆಲ್ಲಿ ಸರಿದವು ಎಂಬ ದಿನಚರಿಯನ್ನು ಬೇರೆ ಹೇಳದೆ ಇಡುವುದಿಲ್ಲ, ಇದೂ ನಮಗೆ ಆಮೇಲೆ ತಿಳಿದದ್ದು. ಆದರೆ ತಳ್ಳಿಹಾಕಿದ ಕಮಿಟ್‌ಗಳು ಗುಡಿಸಿಹೋಗುವವರೆಗೆ ಆ 256 ಕೋಣೆಗಳಲ್ಲೇ ಬಿದ್ದಿರುತ್ತವೆ. ‘ಎಫ್‌ಎಸ್‌ಸಿಕೆ’ ಎಂಬ, ಕನ್ನಡದಲ್ಲಿ ಬರೆಯಲೂ ಕಷ್ಟವಾದ ಆಜ್ಞೆ ಅವನ್ನು ಹುಡುಕಿಕೊಟ್ಟಿತು. ಅದರ ಪುಟ ಓದಿದ್ದು ತರಮಣಿಯ ಹುಡುಗನೇ, ಎರಡು ರಾತ್ರಿ. ಎಲ್ಲ ಸೇರಿಸಿ, ಮತ್ತೆ ಪ್ರಿಂಟು ತೆಗೆದು, ಗೆಳತಿ ಒಯ್ಯುವ ಹೊತ್ತಿಗೆ ಯಜಮಾನರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಮಗಳು ತೆಗೆದುಕೊಂಡರು. ‘ಒಸಿ ಅಂತಲೇ ಇದೆ’ ಎಂದು ಗೆಳತಿ ತೋರಿಸಿದಳಂತೆ. ಅವರಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ, ‘ಅಪ್ಪ ಹಾಗೇ ಅಲ್ವಾ ಮಾತಾಡ್ತಿದ್ದದ್ದು’ ಎಂದರು.

ಈಗ ನಮ್ಮ ರೆಪಾಸಿಟರಿಯಲ್ಲಿ ಕನ್ನಡದ್ದೇ ಒಂದು ಓದಿ-ಮೊದಲು ಪುಟವಿದೆ. ನಾಲ್ವರ ಹೆಸರು, ಯಾರ ಮನೆಯ ಕಂಪ್ಯೂಟರು, ಗುಂಪಿನ ಹೆಸರೇನು, ಅದಕ್ಕೆ ಐದನೆಯವರನ್ನು ಸೇರಿಸುವುದು ಹೇಗೆ, ಪುಶ್ ನಿರಾಕರಣೆಯಾದರೆ ಯಾರಿಗೆ ಫೋನು ಮಾಡಬೇಕು. ‘ಫೋರ್ಸ್ ಹಾಕಬೇಡಿ’ ಎಂದು ಬರೆಯಲಿಲ್ಲ, ಹಾಕಿದರೆ ಯಾರದ್ದು ಹೋಗುತ್ತದೆ ಎಂದು ಬರೆದೆವು. ಕಳೆದ ತಿಂಗಳು ಐದನೆಯವಳಾಗಿ ಬಂದ ಹೊಸೂರಿನ ಹುಡುಗಿ ಅದನ್ನು ಓದಿ, ಎರಡನೆಯ ಸಾಲಿಗೆ ಬೆರಳಿಟ್ಟು, ‘ಅಣ್ಣಾ, ಬರಿ ರೆಪಾಸಿಟರಿ ಅಂತ ಬರೆದಿದ್ದೀರಲ್ಲ, ಏನಿಲ್ಲ ಅದರಲ್ಲಿ?’ ಎಂದು ಕೇಳಿದಳು. ಆ ಸಾಲನ್ನು ಅವಳೇ ತಿದ್ದಿದ್ದಾಳೆ, ಕಮಿಟ್ ಅವಳ ಹೆಸರಿನಲ್ಲಿದೆ.